ಖಾಲಿ ಕುರ್ಚಿಯ ಕ್ಲೋಸಪ್

ಸಿನಿಮಾ ನೋಡುವುದು ಹೇಗೆ ಎಂಬುದನ್ನು ಫಿಕ್ರಿ ಸಾಹೇಬರು ಕಲಿತ ದಿನದಿಂದ ಅವರ ಮನೆಯಲ್ಲಿ ಯಾರೂ ಒಂದು ಸಿನಿಮಾವನ್ನು ನೆಟ್ಟಗೆ ನೋಡಿದ್ದಿಲ್ಲ. ಅದಕ್ಕೂ ಮೊದಲು ಇಪ್ಪತ್ತೆಂಟು ವರ್ಷ, ಶುಕ್ರವಾರ ಊಟವಾದ ಮೇಲೆ ಟಿವಿಯಲ್ಲಿ ಬರುವ ಹಳೆಯ ಚಿತ್ರವನ್ನು ಆ ಸಂಸಾರ ಕಲ್ಲಂಗಡಿ ಬೀಜ ಸುಲಿಯುತ್ತ ಸುಖವಾಗಿ ನೋಡಿಕೊಂಡು ಬಂದಿತ್ತು. ನಾಯಕಿಗೆ ಕ್ಷಯ ಬಂದರೆ ಅಳುತ್ತಿದ್ದರು, ದಪ್ಪ ಹಾಸ್ಯನಟ ನೈಲ್ ನದಿಗೆ ಬಿದ್ದರೆ ನಗುತ್ತಿದ್ದರು. ಯಾರಿಗೂ ಏನೂ ತೊಂದರೆ ಇರಲಿಲ್ಲ.

ಫಿಕ್ರಿ ಸಾಹೇಬರ ಮನೆ ಕೈರೋದ ಶುಬ್ರಾದಲ್ಲಿ, ಲಿಫ್ಟ್ ಇದ್ದೂ ಇಲ್ಲದ ಕಟ್ಟಡದ ನಾಲ್ಕನೇ ಮಹಡಿ. ಭೂಮಾಪನ ಕಚೇರಿಯಲ್ಲಿ ಕಾಗದಗಳ ಮೇಲೆ ಮುದ್ರೆ ಒತ್ತುವುದು ಅವರ ಉದ್ಯೋಗ. ಹೊಟ್ಟೆ ಕರಗಬೇಕು, ಸಂಜೆ ನಡೆಯಿರಿ ಎಂದು ಡಾಕ್ಟರು ಹೇಳಿದ್ದಕ್ಕೆ ನಡೆಯಲು ಹೊರಟವರು, ಎರಡು ಬೀದಿ ದಾಟಿದ್ದೇ ಸಾಂಸ್ಕೃತಿಕ ಭವನದಲ್ಲಿ ಫ್ಯಾನು ತಿರುಗುತ್ತಿದ್ದುದನ್ನು ಕಂಡು ಒಳಗೆ ಹೋಗಿ ಕೂತರು. ಅಲ್ಲಿ ನಡೆಯುತ್ತಿದ್ದುದು ಎಂಟು ಸೋಮವಾರಗಳ ಚಲನಚಿತ್ರ ರಸಗ್ರಹಣ ಶಿಬಿರ. ಬೇಸಿಗೆಯಲ್ಲೂ ಕೊರಳಿಗೆ ಮಫ್ಲರ್ ಸುತ್ತಿಕೊಂಡ ಡಾಕ್ಟರ್ ಬರಕಾತ್ ಎಂಬ ಮೇಷ್ಟ್ರು ಮುಖ್ಯವಾಗಿ ಮೂರು ತತ್ವಗಳನ್ನು ಬೋಧಿಸಿದರು. ಬೆಳಕಿಗಿಂತ ನೆರಳು ಹೆಚ್ಚು ಹೇಳುತ್ತದೆ. ಮಾತು ಸಿನಿಮಾದ ಶತ್ರು. ಒಂದು ಚಿತ್ರ ಯಾವ ಜಾತಿಯದೆಂದು ತೀರ್ಮಾನಿಸುವವನು ನಿರ್ದೇಶಕನಲ್ಲ, ಪ್ರೇಕ್ಷಕ. ಈ ಮೂರನೆಯದನ್ನು ಹೇಳಿದ ಸೋಮವಾರ ಫಿಕ್ರಿ ಸಾಹೇಬರಿಗೆ ಸ್ವಲ್ಪ ಜೊಂಪು ಹತ್ತಿತ್ತು. (ಅದರ ಫಲ ಮುಂದೆ ಬರುತ್ತದೆ.)

ಶಿಬಿರ ಮುಗಿದಾಗ ಒಂದು ಪ್ರಮಾಣಪತ್ರ ಕೊಟ್ಟರು. ಅದರ ಮೇಲಿನ ಮುದ್ರೆ ಸೊಟ್ಟಗಿತ್ತು. ವೃತ್ತಿಬಾಂಧವರ ತಪ್ಪನ್ನು ಸಾಹೇಬರು ಮನ್ನಿಸಿದರು. ಕಟ್ಟು ಹಾಕಿಸಿ, ಹಜಾರದ ಗಡಿಯಾರವನ್ನು ಇಳಿಸಿ, ಆ ಮೊಳೆಗೆ ಪ್ರಮಾಣಪತ್ರವನ್ನು ತೂಗುಹಾಕಿದರು. ಗಡಿಯಾರ ಬಚ್ಚಲಿಗೆ ಹೋಯಿತು. ಅಂದಿನಿಂದ ಗಂಟೆ ಎಷ್ಟೆಂದು ತಿಳಿಯಬೇಕಾದವರು ಬಚ್ಚಲಿನಲ್ಲಿ ಯಾರಿದ್ದಾರೆಂದು ಮೊದಲು ವಿಚಾರಿಸಬೇಕಾಯಿತು.

ಫಿಕ್ರಿ ಎಂದರೆ ಅವರ ಭಾಷೆಯಲ್ಲಿ ವಿಚಾರವಂತ. ನಮ್ಮಲ್ಲಿ ಫಿಕೀರು ಎಂದರೆ ಚಿಂತೆ. ಆ ಮನೆಯಲ್ಲಿ ಎರಡೂ ಅರ್ಥ ಸರಿಯಾಗಿತ್ತು: ವಿಚಾರ ಅವರದು, ಚಿಂತೆ ಹೆಂಡತಿಯದು. ಹೆಂಡತಿಯ ಹೆಸರು ಇನ್ಸಾಫ್, ಅಂದರೆ ನ್ಯಾಯ. ತೀರ್ಪು ಕೊಡುತ್ತಿದ್ದವಳೂ ಅವಳೇ.

ಕೊಲೆಗಾರ ಬಾಗಿಲ ಹಿಂದೆ ಚಾಕು ಹಿಡಿದು ನಿಂತಿರುವ ಹೊತ್ತಿಗೆ ಸರಿಯಾಗಿ ಫಿಕ್ರಿ ಸಾಹೇಬರು ಎದ್ದು ಟಿವಿಗೆ ಅಡ್ಡ ನಿಂತು, ಆ ನೆರಳು ಅಷ್ಟುದ್ದ ಬೀಳಬೇಕಾದರೆ ದೀಪವನ್ನು ಎಲ್ಲಿ ಬಚ್ಚಿಟ್ಟಿದ್ದಾರೆ ಎಂದು ಬೆರಳಿಟ್ಟು ತೋರಿಸುತ್ತಿದ್ದರು. ಅವರು ಪಕ್ಕಕ್ಕೆ ಸರಿಯುವಷ್ಟರಲ್ಲಿ ಕೊಲೆ ಮುಗಿದು ಪೊಲೀಸರು ಕಾಫಿ ಕುಡಿಯುತ್ತಿದ್ದರು. ಬರಬರುತ್ತ ಅವರಿಗೆ ಸಂಸಾರವೂ ಶಾಟ್ ಶಾಟಾಗಿ ಕಾಣತೊಡಗಿತು. ಹೆಂಡತಿ ಮಾತಾಡದೆ ತಟ್ಟೆ ಕುಕ್ಕಿದರೆ ಸಸ್ಪೆನ್ಸ್, ಅತ್ತೆ ಬರುತ್ತಾರೆಂದು ಫೋನು ಬಂದರೆ ಭೂತದ ಚಿತ್ರ, ಕರೆಂಟು ಹೋದರೆ ಅಪರಾಧ ಚಿತ್ರ. ಒಂದು ದಿನ ಸ್ಟೂಲು ಹತ್ತಿ ನಿಂತು, ಒಲೆಯ ಮೇಲೆ ಬೇಯುತ್ತಿದ್ದ ಅಕ್ಕಿ ತುಂಬಿದ ಎಲೆಕೋಸಿನ ಸುರುಳಿಗಳನ್ನು ನೋಡಿ, ಮೇಲಿನ ಕೋನದಿಂದ ಸಂಯೋಜನೆ ಅಪೂರ್ವವಾಗಿದೆ ಎಂದರು.

"ಸಂಯೋಜನೆಗೆ ಉಪ್ಪು ಸಾಕಾ ನೋಡಿ ಹೇಳಿ, ಇಳೀರಿ ಕೆಳಗೆ," ಅಂದಳು ಇನ್ಸಾಫ್.

ಅವಳಿಗೆ ಸಿನಿಮಾ ಗೊತ್ತಿಲ್ಲವೆಂದಲ್ಲ. ಅವಳದೂ ಒಂದು ಸಿದ್ಧಾಂತವಿತ್ತು. "ಮದುವೆ ಮೊದಲನೇ ಅರ್ಧ ಗಂಟೇಲಿ ಆದ್ರೆ ಅದು ಗೋಳಿನ ಪಿಕ್ಚರ್. ಕೊನೇಲಿ ಆದ್ರೆ ನಗೋ ಪಿಕ್ಚರ್. ಇಷ್ಟಕ್ಕೆ ಎಂಟು ಸೋಮವಾರ ಬೇಕಾ?" ಎಂದು ಕೇಳಿದ್ದಳು. ಈ ಸೂತ್ರ ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ಸುಳ್ಳಾಗಿರಲಿಲ್ಲ. ಅದೇ ಫಿಕ್ರಿ ಸಾಹೇಬರ ಸಂಕಟ. ಹೌದು, ನಿಮಗೆ ಗೊತ್ತಿದೆ ಎಂದು ಹೆಂಡತಿ ಒಂದೇ ಒಂದು ಸಲ ಹೇಳಿದ್ದರೆ ಅವರು ಪ್ರಮಾಣಪತ್ರವನ್ನು ಇಳಿಸಿಬಿಡುತ್ತಿದ್ದರೋ ಏನೋ.

ಹೀಗಿರುವಾಗ ಒಬ್ಬಳೇ ಮಗಳು ರಿಹಾಬ್‌ಗೆ ಗಂಡು ಕೂಡಿಬಂತು. ಹುಡುಗನ ಹೆಸರು ಹೈಥಮ್, ಲಿಫ್ಟ್ ರಿಪೇರಿಯವನು. ಈ ಕಟ್ಟಡದ ಲಿಫ್ಟ್ ನೋಡಲು ಬಂದವನು ಏಳು ತಿಂಗಳು ಬಂದ. ಲಿಫ್ಟ್ ಯಾಕೆ ಸರಿಹೋಗುತ್ತಿಲ್ಲ ಎಂಬುದು ಅವನ ತಾಯಿ ಸಿಹಿ ಪೊಟ್ಟಣ ಹಿಡಿದು ನಾಲ್ಕು ಮಹಡಿ ಹತ್ತಿ ಬಂದ ದಿನ ಎಲ್ಲರಿಗೂ ತಿಳಿಯಿತು. ಹುಡುಗ ಒಳ್ಳೆಯವನು, ಮನೆತನ ಒಳ್ಳೆಯದು, ಎಲ್ಲ ಸರಿ. ರಿಹಾಬ್‌ಳದು ಒಂದೇ ಹಟ. ಮದುವೆಯ ದಿನ ದೊಡ್ಡಪ್ಪ ಪಕ್ಕದಲ್ಲಿ ಕೂರಬೇಕು. ಅವರು ಬರದಿದ್ದರೆ ತಾನು ಹಸೆಗೆ ಬರುವುದಿಲ್ಲ.

ದೊಡ್ಡಪ್ಪ ಎಂದರೆ ಫಿಕ್ರಿ ಸಾಹೇಬರ ಅಣ್ಣ, ಹಾಜ್ ಮಹ್ರೂಸ್. ದಕ್ಷಿಣದ ಸೋಹಾಗ್ ಕಡೆ ಊರಿನ ಹಿರಿಯ. ಆರಡಿ ಆಳು, ಮೊಳದ ಮೀಸೆ. ಎರಡು ಮನೆತನ ಬಂದೂಕು ಹಿಡಿದು ನಿಂತಿದ್ದರೆ ನಡುವೆ ಹೋಗಿ ಕೆಮ್ಮಿದರೆ ಸಾಕು, ರಾಜಿ ಆಗುತ್ತಿತ್ತು. ಹನ್ನೊಂದು ವರ್ಷದ ಕೆಳಗೆ ಕಣ್ಣು ತೋರಿಸಿಕೊಳ್ಳಲು ಕೈರೋಗೆ ಬಂದಿದ್ದಾಗ ತಮ್ಮ ಅವನನ್ನು ಮ್ಯಾಟಿನಿಗೆ ಕರೆದುಕೊಂಡು ಹೋದ. ಪರದೆಯ ಮೇಲೆ ಕುರುಡಿ ತಾಯಿ ಇಪ್ಪತ್ತು ವರ್ಷದ ಮೇಲೆ ಮಗನ ಮುಖವನ್ನು ತಡವಿ ಗುರುತು ಹಿಡಿದಳು. ಹಾಜ್ ಮಹ್ರೂಸ್ ಹೋ ಎಂದು ಅತ್ತುಬಿಟ್ಟ. ಟಾರ್ಚಿನವನು ಓಡಿಬಂದು ಯಾರಿಗೆ ಏನಾಯಿತೆಂದು ಕೇಳಿದ. ಫಿಕ್ರಿ ಸಾಹೇಬರು ನಕ್ಕರು. ನಕ್ಕು ಸುಮ್ಮನಿದ್ದರೂ ಆಗುತ್ತಿತ್ತು. ಸೋದರತ್ತೆಯ ಮಗನ ಮದುವೆಯಲ್ಲಿ ಆ ಅಳುವನ್ನು ಅಭಿನಯಿಸಿಯೂ ತೋರಿಸಿದರು. ಸೋಹಾಗಿನ ಗಂಡಸು ಹುಟ್ಟಿದಾಗ ಒಮ್ಮೆ ಅಳುತ್ತಾನೆ, ಆಮೇಲೆ ಮನೆಯಲ್ಲಿ ಸಾವಾದರೆ ಮಾತ್ರ ಅಳುತ್ತಾನೆ. ಹಾಜ್ ಮಹ್ರೂಸ್ ಅಂದಿನಿಂದ ಕೈರೋಗೆ ಕಾಲಿಡಲಿಲ್ಲ. ತಮ್ಮನ ನಂಬರಿನಿಂದ ತನ್ನ ಫೋನಿಗೆ ಏನೂ ಬಾರದಂತೆ ಮಾಡಿಸಿಕೊಂಡ.

ರಿಹಾಬ್‌ಳನ್ನೇ ಒಂದು ಡಬ್ಬಿ ಸಿಹಿಯೊಂದಿಗೆ ರೈಲು ಹತ್ತಿಸೋಣ, ಅವಳು ಹೋಗಿ ಕೈಗೆ ಮುತ್ತಿಟ್ಟರೆ ಮುದುಕ ಕರಗುತ್ತಾನೆ ಎಂದು ಇನ್ಸಾಫ್ ಹೇಳಿದಳು. ಫಿಕ್ರಿ ಸಾಹೇಬರು ಒಪ್ಪಲಿಲ್ಲ. ಮನಸ್ತಾಪ ಹುಟ್ಟಿದ್ದು ಸಿನಿಮಾದಿಂದ, ಕರಗಬೇಕಾದದ್ದೂ ಸಿನಿಮಾದಿಂದಲೇ ಎಂದರು. ನಿಶ್ಚಿತಾರ್ಥವನ್ನು ತಾವೇ ಚಿತ್ರೀಕರಿಸಿ ಅಣ್ಣನಿಗೆ ಕಳಿಸುವುದು. ಚಿತ್ರ ನೋಡಿ ಅವನ ಎದೆ ತುಂಬಿಬರುವುದು. ಇನ್ಸಾಫ್ ಒಂದೇ ಷರತ್ತು ಹಾಕಿದಳು: ಆ ಸಂಜೆ ಕುರಾನಿನ ಮೊದಲ ಅಧ್ಯಾಯವಾದ ಫಾತಿಹಾ ಓದಿ ಮುಗಿಯುವವರೆಗೆ ಸಂಗತಿ ಯಾರ ಕಿವಿಗೂ ಬೀಳಬಾರದು. "ನಿನ್ನ ದೀಪಕ್ಕೆ ಕೈ ಅಡ್ಡ ಹಿಡಿ, ಉರಿಯುತ್ತೆ ಅಂತ ದೊಡ್ಡೋರು ಸುಮ್ನೆ ಹೇಳಿಲ್ಲ. ಕಣ್ಣು ಬೀಳುತ್ತೆ," ಅಂದಳು. ಹಾಗಾಗಿ ಸೋಹಾಗಿನಲ್ಲಿ ಯಾರಿಗೂ ನಿಶ್ಚಿತಾರ್ಥದ ಸುಳಿವೇ ಇರಲಿಲ್ಲ.

ನಿಶ್ಚಿತಾರ್ಥದ ಸಂಜೆ ಫಿಕ್ರಿ ಸಾಹೇಬರು ಫೋನು ಹಿಡಿದು ನಿರ್ದೇಶನಕ್ಕೆ ನಿಂತರು. ಮೊದಲು ಕಿಟಕಿಗಳನ್ನು ಮುಚ್ಚಿಸಿ, ಹಜಾರದ ನಾಲ್ಕು ದೀಪಗಳಲ್ಲಿ ಮೂರನ್ನು ಆರಿಸಿದರು. ಬೀಗಿತ್ತಿ ಕತ್ತಲಲ್ಲಿ ಮೇಜಿಗೆ ಮೊಣಕಾಲು ಬಡಿಸಿಕೊಂಡು ಮುಖ ಹಿಂಡಿದಳು. ಸಾಹೇಬರು ಅದನ್ನು ಹತ್ತಿರದಿಂದ ತೆಗೆದರು. ಅಪ್ಪ ದೀಪ ಆರಿಸಿದ್ದಕ್ಕೆ ರಿಹಾಬ್‌ಗೆ ಸಿಟ್ಟಿನಿಂದ ಕಣ್ಣಲ್ಲಿ ನೀರು ಬಂತು, ಅದನ್ನೂ ತೆಗೆದರು. ಗಂಡಸರು ಸಾಲಾಗಿ ಕೂತು, ಅಂಗೈ ಬಿಡಿಸಿ, ತಲೆ ತಗ್ಗಿಸಿ ಫಾತಿಹಾ ಓದಿ, ಎರಡೂ ಕೈಯಿಂದ ಮುಖ ಸವರಿಕೊಂಡರು. ಹೆಂಗಸರು ನಾಲಗೆ ಹೊರಳಿಸಿ ಕೇಕೆ ಹಾಕಿದರು. ಪುಟ್ಟ ಲೋಟಗಳಲ್ಲಿ ಕೆಂಪು ಶರಬತ್ತು ಬಂತು. ಎಲ್ಲ ಮುಗಿದ ಮೇಲೆ ಸಾಹೇಬರು ತಮ್ಮ ಕುರ್ಚಿಯ ಮೇಲೆ ತಮ್ಮ ಕನ್ನಡಕವನ್ನೂ ಜಪಮಾಲೆಯನ್ನೂ ಇಟ್ಟು, ಕ್ಯಾಮೆರಾವನ್ನು ದೂರದಿಂದ ಇಷ್ಟಿಷ್ಟೇ ಹತ್ತಿರಕ್ಕೆ ಒಯ್ದು ಕ್ಲೋಸಪ್ಪಿನಲ್ಲಿ ನಿಲ್ಲಿಸಿದರು. ಮಗಳನ್ನು ಕಳಿಸಿಕೊಡುವ ತಂದೆಯ ಎದೆಯ ಶೂನ್ಯಕ್ಕೆ ಅದು ಸಂಕೇತ.

ಮರುದಿನ ಚಿತ್ರಕ್ಕೆ ಅಂತಿಮ ರೂಪ ಕೊಟ್ಟರು. ಬಣ್ಣ ಅಗ್ಗದ ಮೋಹವಾದ್ದರಿಂದ ಕಪ್ಪುಬಿಳುಪು ಮಾಡಿದರು. ಮಾತು ಶತ್ರುವಾದ್ದರಿಂದ ಸದ್ದನ್ನು ಪೂರ್ತಿ ತೆಗೆದರು. ಆರಂಭದಲ್ಲಿ ಒಂದು ಶೀರ್ಷಿಕೆ ಹಾಕಿದರು: "ಮನೆಯ ಬೆಳಕು ಹೊರಟುಹೋಯಿತು." ಬೆಳಕು ಎಂದರೆ ಮಗಳು, ಗಂಡನ ಮನೆಗೆ ಹೊರಟವಳು. ಇನ್ಸಾಫ್ ಒಂದು ಸಲ ನೋಡಿ, ತನ್ನ ಹಸಿರು ವೆಲ್ವೆಟ್ ಬಟ್ಟೆ ಕರ್ರಗೆ ಕಾಣುತ್ತಿದೆಯೆಂದೂ ಶರಬತ್ತು ಡಾಂಬರಿನಂತಿದೆಯೆಂದೂ ಹೇಳಿದಳು. ಆಮೇಲೆ ಸ್ವಲ್ಪ ಯೋಚಿಸಿ, "ಇದರಲ್ಲಿ ಎಲ್ಲಾರೂ ಇದಾರೆ, ನೀವೊಬ್ರು ಎಲ್ಲೂ ಇಲ್ವಲ್ಲ?" ಎಂದು ಕೇಳಿದಳು.

"ನಿರ್ದೇಶಕ ಪರದೆ ಮೇಲೆ ಬರಬಾರದು," ಅಂದರು ಸಾಹೇಬರು.

ತಮ್ಮ ನಂಬರಿನಿಂದ ಹೋಗದಾದ್ದರಿಂದ ಬುಧವಾರ ಮಗಳ ಫೋನಿನಿಂದ ಅಣ್ಣನಿಗೆ ಕಳಿಸಿದರು. ರಿಹಾಬ್ ಎರಡು ಸಾಲು ಬರೆಯುತ್ತೇನೆಂದರೆ ಬಿಡಲಿಲ್ಲ. ಚಿತ್ರವೇ ಮಾತಾಡಬೇಕು ಎಂದರು.

ಚಿತ್ರ ಮಾತಾಡಿತು. ಆದರೆ ಅದು ಏನು ಹೇಳಿತೆಂದು ತಿಳಿಯಲು ಮೂರು ದಿನ ಹಿಡಿಯಿತು. ಸೋಹಾಗಿನಿಂದ ಒಂದು ಉತ್ತರವಿಲ್ಲ, ಒಂದು ಕರೆಯಿಲ್ಲ. ರಿಹಾಬ್ ಊಟ ಬಿಟ್ಟಳು. ಪ್ರಬುದ್ಧ ಪ್ರೇಕ್ಷಕ ಕೂಡಲೇ ಚಪ್ಪಾಳೆ ತಟ್ಟುವುದಿಲ್ಲ, ಒಳಗೊಳಗೇ ಮೆಲುಕು ಹಾಕುತ್ತಾನೆ ಎಂದು ಸಾಹೇಬರು ಸಮಾಧಾನ ಹೇಳಿದರು. ಇನ್ಸಾಫ್ ತಟ್ಟೆ ಕುಕ್ಕಿದಳು.

ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ, ತುಪ್ಪದಲ್ಲಿ ಕರಿದ ಪದರು ರೊಟ್ಟಿಯ ಪೊಟ್ಟಣ ಹಿಡಿದು ಫಿಕ್ರಿ ಸಾಹೇಬರು ಮನೆಗೆ ಬಂದರೆ, ಕಟ್ಟಡದ ಬಾಗಿಲಲ್ಲಿ ಸೋಹಾಗಿನ ಒಂದು ವ್ಯಾನು ನಿಂತಿತ್ತು. ಮೆಟ್ಟಿಲ ತುಂಬ ನಿಲುವಂಗಿ, ಮುಂಡಾಸಿನ ಗಂಡಸರು ತಲೆ ಬಗ್ಗಿಸಿ ಕೂತಿದ್ದರು. ಸಾವಿನ ಮನೆಗೆ ಬಂದವರ ಮುಖಗಳು. ಯಾರಿಗೂ ಸಾಹೇಬರ ಗುರುತಿರಲಿಲ್ಲ, ಸಾಹೇಬರಿಗೂ ಅವರ ಗುರುತು ಹತ್ತಲಿಲ್ಲ. ಹನ್ನೊಂದು ವರ್ಷದಲ್ಲಿ ಹುಡುಗರಿಗೆ ಮೀಸೆ ಬಂದಿತ್ತು, ಮೀಸೆಯವರಿಗೆ ಹಲ್ಲು ಹೋಗಿತ್ತು. ಮೂರನೇ ಮಹಡಿಯ ತಿರುವಿನಲ್ಲಿ ಕೂತಿದ್ದ ಒಬ್ಬ ಮುದುಕನನ್ನು ಯಾರು ಹೋದರೆಂದು ಮೆಲ್ಲಗೆ ಕೇಳಿದರು.

"ಮ್ಯಾಲಿನ ಮನಿ ಫಿಕ್ರಿ," ಅಂದ ಮುದುಕ. "ನಮ್ಮ ಹಾಜ್ ಮಹ್ರೂಸನ ತಮ್ಮ."

"ದೇವರ ಸೊತ್ತು ದೇವರಿಗೇ ಸೇರಬೇಕಲ್ಲ," ಎಂದು ಸಾಹೇಬರು ಅಭ್ಯಾಸಬಲದಿಂದ ಹೇಳಿ, ಎರಡು ಮೆಟ್ಟಿಲು ಹತ್ತಿ, ನಿಂತರು. ಮತ್ತೆ ಎರಡು ಮೆಟ್ಟಿಲು ಇಳಿದರು. ಈ ಸಂಗತಿ ನಿಮಗೆ ಯಾರು ಹೇಳಿದರು ಎಂದು ಕೇಳಿದರು.

"ಹೇಳೂದೇನು ಬಂತು. ಸಿನಿಮಾನ ತಗದು ಕಳ್ಸ್ಯಾರ," ಎಂದ ಮುದುಕ, ಅಂಗಿಯ ಒಳಗಿಂದ ಫೋನು ತೆಗೆದ. "ಕೂಡು, ನೋಡು. ಊರಾಗ ಎಲ್ಲಾರೂ ಮೂರ್ ಮೂರು ಸಲ ನೋಡೀವಿ."

ಫಿಕ್ರಿ ಸಾಹೇಬರು ಮೆಟ್ಟಿಲ ಮೇಲೆ ಕೂತು ನೋಡಿದರು. ಕತ್ತಲ ಮನೆ. ಕರಿ ಬಟ್ಟೆಯ ಹೆಂಗಸರು. ತಲೆ ತಗ್ಗಿಸಿದ ಗಂಡಸರು ಫಾತಿಹಾ ಓದಿ ಕಣ್ಣು ಮುಖ ಒರೆಸಿಕೊಳ್ಳುತ್ತಿದ್ದಾರೆ. (ನಿಶ್ಚಿತಾರ್ಥಕ್ಕೂ ಅದೇ ಫಾತಿಹಾ, ಸತ್ತವರಿಗೂ ಅದೇ ಫಾತಿಹಾ.) ಬಾಯಿ ಅಗಲ ತೆರೆದ ಹೆಂಗಸರ ಕೇಕೆ, ಸದ್ದಿಲ್ಲದ್ದರಿಂದ, ಥೇಟ್ ಗೋಳಾಟ. ಪುಟ್ಟ ಲೋಟಗಳಲ್ಲಿ ಕರ್ರಗಿನದನ್ನು ಕುಡಿಯುತ್ತಿದ್ದಾರೆ, ಸಾವಿನ ಮನೆಯ ಸಕ್ಕರೆಯಿಲ್ಲದ ಕಾಫಿಯೇ ಇರಬೇಕು. ಮಗಳ ಕಣ್ಣಲ್ಲಿ ನೀರು. ಮನೆಯ ಯಜಮಾನ ಮಾತ್ರ ಎಲ್ಲೂ ಇಲ್ಲ. ಕೊನೆಗೆ ಅವನ ಕುರ್ಚಿ, ಅವನ ಕನ್ನಡಕ, ಅವನ ಜಪಮಾಲೆ.

"ಈ ಕುರ್ಚಿ ನೋಡು," ಅಂದ ಮುದುಕ, ಮೂಗೆಳೆಯುತ್ತ. "ಕನ್ನಡಕ ಐತಿ, ನೋಡಾಂವ ಇಲ್ಲ. ಎದಿ ಒಡದು ಹೋತು ನಮಗ."

ಸಾಹೇಬರಿಗೆ ಮೈ ಜುಮ್ಮೆಂದಿತು. "ಕ್ಯಾಮೆರಾ ನಿಧಾನವಾಗಿ ಹತ್ತಿರ ಹೋಗುತ್ತಲ್ಲ, ಅದನ್ನ ಗಮನಿಸಿದಿರಾ?" ಎಂದು ಕೇಳಿದರು.

"ಗಮನಸದ ಏನು. ಸಾವು ಬಂದಂಗ ಬರತೈತಿ."

"ಎರಡನೇ ಶಾಟ್‌ನಲ್ಲಿ ನೆರಳು ಸ್ವಲ್ಪ ಜಾಸ್ತಿ ಆಯ್ತು ಅನ್ನಿಸ್ತಾ?"

"ಏ ಇಲ್ಲ. ನೆರಳ ಇರಬೇಕು," ಎಂದು ಮುದುಕ ಖಚಿತವಾಗಿ ಹೇಳಿದ. ಎಂಟು ಸೋಮವಾರಗಳು ಸಾರ್ಥಕವಾದವು. ತಮ್ಮ ಕಲೆಯನ್ನು ಅರ್ಥಮಾಡಿಕೊಂಡ ಒಬ್ಬ ರಸಿಕ ಈ ಲೋಕದಲ್ಲಿದ್ದಾನೆ ಎಂಬ ಸಂತೋಷದಲ್ಲಿ ಫಿಕ್ರಿ ಸಾಹೇಬರು ತಾವು ಸತ್ತಿರುವುದನ್ನು ಒಂದು ನಿಮಿಷ ಮರೆತೇಬಿಟ್ಟರು.

ಆಗ ಮೇಲಿನಿಂದ ಅಣ್ಣನ ಧ್ವನಿ ಕೇಳಿಸಿತು. ಹನ್ನೊಂದು ವರ್ಷದಿಂದ ಕೇಳದ ಧ್ವನಿ.

"ನಮ್ಮಪ್ಪನ ಮಗ ಅಂವ. ಹನ್ನೊಂದು ವರ್ಷ ನಾ ಅವನ ಮಾರಿ ನೋಡ್ಲಿಲ್ಲ. ಯಾಕ? ನಕ್ಕಾ ಅಂತ. ನಗೂ ತಮ್ಮನ್ನ ನೋಡಾಕ ಬರಲಿಲ್ಲ, ಸತ್ತ ತಮ್ಮನ್ನ ನೋಡಾಕ ಬಂದೆ. ನನ್ನಂಥ ಹುಚ್ಚ ಯಾರದಾನ."

ಫಿಕ್ರಿ ಸಾಹೇಬರಿಗೆ ಯಾವ ಕೋನ, ಯಾವ ಬೆಳಕು, ಒಂದೂ ನೆನಪಾಗಲಿಲ್ಲ. ಎದ್ದು ಮೇಲಕ್ಕೆ ಓಡಿದರು.

ಮೇಲೆ ಇನ್ಸಾಫ್‌ಳ ಸ್ಥಿತಿ ಯಾರಿಗೂ ಬೇಡ. ಕಾಲು ಗಂಟೆಯಿಂದ ಅವಳು ನಿಜ ಹೇಳಲು ಒದ್ದಾಡುತ್ತಿದ್ದಳು, ಯಾರೂ ಬಿಡುತ್ತಿರಲಿಲ್ಲ. ಗಂಡ ಸತ್ತವಳು ಬಾಯಿ ತೆರೆದರೆ ಸಮಾಧಾನ ಮಾಡುವುದು ಬಂದವರ ಧರ್ಮ. ಅವರು ಬದುಕಿದ್ದಾರೆ ಎಂದು ಅವಳು ಹೇಳಿದರೆ, ಹೌದು ತಂಗಿ, ನಮ್ಮೆಲ್ಲರ ಎದೆಯೊಳಗೆ ಬದುಕಿದ್ದಾರೆ ಎಂದು ಎಲ್ಲರೂ ಅತ್ತರು. ನಮಾಜಿಗೆ ಹೋಗಿದ್ದಾರೆ, ಈಗ ಬರುತ್ತಾರೆ ಎಂದಾಗ ಪಾಪ, ತಲೆಗೆ ಹತ್ತಿದೆ ಎಂದು ನೆತ್ತಿಗೆ ನೀರು ತಟ್ಟಿದರು. ಅವಳದೇ ಅಡುಗೆಮನೆಯಲ್ಲಿ ಸೋಹಾಗಿನ ಹೆಂಗಸೊಬ್ಬಳು ಸಕ್ಕರೆಯಿಲ್ಲದ ಕಾಫಿ ಕಾಯಿಸಿ ತಂದು ಅವಳ ಕೈಗೇ ಕೊಟ್ಟಿದ್ದಳು.

ರೊಟ್ಟಿಯ ಪೊಟ್ಟಣದೊಂದಿಗೆ ಫಿಕ್ರಿ ಸಾಹೇಬರು ಬಾಗಿಲಲ್ಲಿ ನಿಂತರು. ಹಾಜ್ ಮಹ್ರೂಸ್ ಎದ್ದವನೇ ತಮ್ಮನನ್ನು ಪೊಟ್ಟಣದ ಸಮೇತ ತಬ್ಬಿಕೊಂಡ. ರೊಟ್ಟಿಯ ಎಂಟು ಪದರುಗಳು ಒಂದಾದವು. ಸುತ್ತಲಿದ್ದವರಿಗೆ ಅದು ಅಣ್ಣತಮ್ಮಂದಿರ ದೀರ್ಘ ಆಲಿಂಗನವಾಗಿ ಕಂಡಿತು. ಒಳಗೆ, ಕಿವಿಗೆ ಕಿವಿ ತಾಗುವಷ್ಟು ಹತ್ತಿರದಲ್ಲಿ, ಬೇರೆಯೇ ಸಂಭಾಷಣೆ ನಡೆದಿತ್ತು.

"ನೀ ಸತ್ತಿಲ್ಲ," ಅಂದ ಅಣ್ಣ, ಪಿಸುಮಾತಿನಲ್ಲಿ.

"ಇಲ್ಲ ಅಣ್ಣ."

"ಮತ್ತ ಆ ಸಿನಿಮಾ?"

"ರಿಹಾಬ್ ನಿಶ್ಚಿತಾರ್ಥದ್ದು. ಸ್ವಲ್ಪ ಕಲಾತ್ಮಕವಾಗಿ ತೆಗೆದೆ."

ಹಾಜ್ ಮಹ್ರೂಸ್‌ನ ತೋಳುಗಳು ಬಿಗಿಯಾದವು. ಈಗ ಅದು ಆಲಿಂಗನವಾಗಿ ಉಳಿದಿರಲಿಲ್ಲ. "ಇಡೀ ಊರ ಮುಂದ ಅತ್ತೀನಿ ನಾನು," ಎಂದ. "ಮೂರು ದಿನದಿಂದ ಮೀಸಿ ಒಣಗಿಲ್ಲ. ಈಗ ಹೋಗಿ ಏನ್ ಹೇಳಲಿ? ನಿಶ್ಚಿತಾರ್ಥ ನೋಡಿ ಅತ್ತೆ ಅಂತನಾ? ಒಂದ್ ಸಲ ನಗಿಸ್ಕೊಂಡೆ, ಸಾಕಾಗಲಿಲ್ಲೇನು ನಿನಗ?"

ತೋಳು ಸಡಿಲಿಸಿ, ಗೋಡೆಗೆ ಒರಗಿಸಿದ್ದ ಕೋಲು ತೆಗೆದುಕೊಂಡ. ಬಾಗಿಲ ಬಳಿ ರಿಹಾಬ್ ನಿಂತಿದ್ದಳು. ದೊಡ್ಡಪ್ಪನ ಮುಖ ನೋಡಿದವಳಿಗೆ, ಈಗ ಹೋದರೆ ಇವರು ತಿರುಗಿ ಬರುವುದಿಲ್ಲ ಎಂಬುದು ಗೊತ್ತಾಗಿ ಬಣ್ಣವೇ ಇಳಿದುಹೋಯಿತು. ಫಿಕ್ರಿ ಸಾಹೇಬರಿಗೂ ಗೊತ್ತಾಯಿತು. ಏನಾದರೂ ಹೇಳಬೇಕೆಂದು ಬಾಯಿ ತೆರೆದರು, ನೆನಪಿಗೆ ಬಂದದ್ದು ಮಾತು ಸಿನಿಮಾದ ಶತ್ರು ಎಂಬ ಡಾಕ್ಟರ್ ಬರಕಾತರ ಎರಡನೆಯ ತತ್ವ ಮಾತ್ರ.

ಆಗ 'ನ್ಯಾಯ' ಎದ್ದು ನಿಂತಿತು. ಇನ್ಸಾಫ್ ಕಾಫಿ ಲೋಟವನ್ನು ಕೆಳಗಿಟ್ಟು, ಸೆರಗಿನಂತೆ ತಲೆಬಟ್ಟೆಯನ್ನು ಸರಿಮಾಡಿಕೊಂಡು, ಮೆಟ್ಟಿಲವರೆಗೂ ಕೇಳುವ ಧ್ವನಿಯಲ್ಲಿ ಹೇಳಿದಳು.

"ಹೋಗಿದ್ದು ನಿಜ. ಡಾಕ್ಟರು ಕೈಬಿಟ್ಟಿದ್ರು. ಕಣ್ಣು ಮುಚ್ಚೋಕೆ ಮೊದಲು ಮಗಳದೊಂದು ನೋಡ್ಲಿ ಅಂತ ಅವಸರದಲ್ಲಿ ನಿಶ್ಚಿತಾರ್ಥ ಮಾಡಿದ್ವಿ, ಯಾರ ಮುಖದಲ್ಲಿ ಕಳೆ ಇರುತ್ತೆ ಹೇಳಿ. ಇವರು ಒಳಗೆ ಹಾಸಿಗೆ ಮೇಲಿದ್ರು, ಕುರ್ಚಿ ಖಾಲಿ ಇತ್ತು. ಆಮೇಲೆ ಬುಧವಾರ ಸಂಜೆ ಇದ್ದಕ್ಕಿದ್ದಂತೆ ಎದ್ದು ಕೂತ್ಕೊಂಡು, ಅಣ್ಣ ಅಳ್ತಿದಾನೆ, ನಂಗೆ ಕೇಳಿಸ್ತು ಅಂದ್ರು. ಹಾಜ್, ಬುಧವಾರ ಸಂಜೆ ನೀವು ಅತ್ತಿದ್ರಾ?"

"ಅತ್ತಿದ್ದಾ," ಎಂದು ಹಿಂದಿನಿಂದ ಹತ್ತು ಜನ ಸಾಕ್ಷಿ ಹೇಳಿದರು.

"ಆ ಕಣ್ಣೀರು ಮೇಲೆ ಮುಟ್ಟಿತು," ಅಂದಳು ಇನ್ಸಾಫ್. "ಇಲ್ದಿದ್ರೆ ನಾನಿವತ್ತು ಕರಿ ಬಟ್ಟೇಲಿ ಇರ್ತಿದ್ದೆ."

ಹಜಾರದಲ್ಲಿ ಒಂದು ದೊಡ್ಡ ನಿಟ್ಟುಸಿರು ಎದ್ದಿತು. ಮೆಟ್ಟಿಲ ಮೇಲಿನ ಮುದುಕ ದೇವರು ದೊಡ್ಡವನು ಎಂದ. ಹಾಜ್ ಮಹ್ರೂಸ್ ಎಲ್ಲರ ಮುಖ ನೋಡಿದ. ಅತ್ತು ನಗೆಗೀಡಾದವನು ಅತ್ತು ತಮ್ಮನನ್ನು ಉಳಿಸಿಕೊಂಡವನಾಗಿದ್ದ. ಮೀಸೆ ಮೆಲ್ಲಗೆ ಮೇಲೆದ್ದಿತು. ಆದರೆ ಊರಿನವರೆಲ್ಲ ಈಗ ಫಿಕ್ರಿ ಸಾಹೇಬರನ್ನು ನೋಡುತ್ತಿದ್ದರು. ಕೆಂಪು ಕೆನ್ನೆ, ತುಪ್ಪದ ಪೊಟ್ಟಣ, ನಾಲ್ಕು ಮಹಡಿ ಓಡಿ ಹತ್ತಿದ ಮನುಷ್ಯ. ಸಾಹೇಬರು ಮಗಳ ಕಡೆ ನೋಡಿದರು. ಪೊಟ್ಟಣವನ್ನು ಮೇಜಿನ ಮೇಲಿಟ್ಟರು. ಆಮೇಲೆ ಗೋಡೆ ಹಿಡಿದು, ಕಣ್ಣು ತೇಲಿಸಿ, ನಿಧಾನವಾಗಿ ಕುಸಿದರು. ಮೊದಲ ಪ್ರಯತ್ನಕ್ಕೆ ಕೆಟ್ಟದೇನಿರಲಿಲ್ಲ.

"ನಮಾಜಿಗೆ ಹೋಗಲೇಬೇಕು ಅಂತ ಹಟ ಹಿಡಿದ್ರು, ನೋಡಿ ಈಗ," ಎನ್ನುತ್ತ ಇನ್ಸಾಫ್ ಗಂಡನನ್ನು ಎತ್ತಿಸಿ ಹಾಸಿಗೆಗೆ ಹಾಕಿಸಿ, ಎಲ್ಲರ ಎದುರಿಗೆ ವೈದ್ಯರ ಆಜ್ಞೆಯನ್ನು ಓದಿ ಹೇಳಿದಳು. ನಲವತ್ತು ದಿನ ವಿಶ್ರಾಂತಿ. ಉಪ್ಪು, ತುಪ್ಪ, ಮಾಂಸ ಇಲ್ಲ. ಬೇಯಿಸಿದ ಸೋರೆಕಾಯಿ, ಸೋಂಪಿನ ಕಷಾಯ. ಕಣ್ಣಿಗೆ ಆಯಾಸ ಆಗಕೂಡದು, ಆದ್ದರಿಂದ ಟಿವಿ, ಸಿನಿಮಾ, ಕ್ಯಾಮೆರಾ ಯಾವುದೂ ಕೂಡದು. ಎದೆಗೆ ಆಯಾಸ ಆಗಕೂಡದು, ಆದ್ದರಿಂದ ಮಾತು ಕೂಡದು. ಯಾವ ವೈದ್ಯರೆಂದು ಯಾರೂ ಕೇಳಲಿಲ್ಲ.

ಹಾಜ್ ಮಹ್ರೂಸ್ ತಮ್ಮನ ಶುಶ್ರೂಷೆಗೆ ತಾನೇ ನಿಲ್ಲುವುದಾಗಿ ಘೋಷಿಸಿದ. ಮಂಚದ ಪಕ್ಕ ಕುರ್ಚಿ ಹಾಕಿಸಿಕೊಂಡು (ಅದೇ ಕುರ್ಚಿ), ಸೋರೆಕಾಯಿ ಪೂರ್ತಿ ಹೋಯಿತೇ ಇಲ್ಲವೇ ಎಂದು ನೋಡುತ್ತ ಕೂತ. ಆ ಪದರು ರೊಟ್ಟಿಯನ್ನೂ ತಿಂದವನು ಅವನೇ. ಹಜಾರದಲ್ಲಿ ಪ್ರಮಾಣಪತ್ರ ಇಳಿದು ಗಡಿಯಾರ ವಾಪಸು ಬಂತು. ಶುಕ್ರವಾರಗಳಲ್ಲಿ ಅಣ್ಣ, ಹೆಂಡತಿ, ಮಗಳು, ಭಾವಿ ಅಳಿಯ ಟಿವಿಯ ಮುಂದೆ ಬೀಜ ಸುಲಿಯುತ್ತ ಒಂದೊಂದು ಚಿತ್ರವನ್ನೂ ಆದಿಯಿಂದ ಅಂತ್ಯದವರೆಗೆ ನೋಡಿದರು. ಫಿಕ್ರಿ ಸಾಹೇಬರಿಗೆ ಗೋಡೆಯಾಚೆಯಿಂದ ಸದ್ದು ಮಾತ್ರ ಕೇಳುತ್ತಿತ್ತು. ಒಮ್ಮೆ ಕಷಾಯ ತಂದ ಇನ್ಸಾಫ್ ಬಾಗಿಲಲ್ಲಿ ತಿರುಗಿ ನಿಂತು, "ಒಂದ್ ಮಾತು. ಆ ಕುರ್ಚಿದು ಚೆನ್ನಾಗಿ ಬಂದಿತ್ತು ರೀ. ನಿಮಗೆ ಗೊತ್ತಿದೆ," ಅಂದಳು. ಸಾಹೇಬರು ಉತ್ತರ ಹೇಳಲು ಎದ್ದು ಕೂತರು. ಮಾತು ಕೂಡದೆಂದು ಅಣ್ಣ ಮಲಗಿಸಿದ.

ಮೂವತ್ತೆಂಟನೆಯ ದಿನ ಮದುವೆ. ಜೂನ್ ತಿಂಗಳ ಸೆಖೆಯಲ್ಲಿ ಫಿಕ್ರಿ ಸಾಹೇಬರನ್ನು ಮೊದಲ ಸಾಲಿನಲ್ಲಿ, ಮೊಣಕಾಲಿಗೆ ಕಂಬಳಿ ಹೊದಿಸಿ ಕೂರಿಸಿದರು. ರಿಹಾಬ್‌ಳ ಪಕ್ಕದಲ್ಲಿ ಹಾಜ್ ಮಹ್ರೂಸ್ ಕೂತು ಮದುವೆಯ ಒಪ್ಪಂದಕ್ಕೆ ಸಾಕ್ಷಿಯ ರುಜು ಹಾಕಿದ. ಹುಡುಗಿ ದೊಡ್ಡಪ್ಪನ ಕೈಗೆ ಮುತ್ತಿಟ್ಟಾಗ ಮುದುಕನ ಕಣ್ಣು ತುಂಬಿತು. ಈಗ ಅವನ ಕಣ್ಣೀರಿಗೆ ಒಂದು ಮಹಿಮೆ ಇತ್ತಾದ್ದರಿಂದ ಊರಿನವರು ಭಕ್ತಿಯಿಂದ ನೋಡಿದರು. ಮೊಣಕಾಲು ನೋವಿನ ಬೀಗಿತ್ತಿ ಒಂದು ಹನಿ ತನಗೂ ಸವರಿಸಿಕೊಂಡಳು. ಫಿಕ್ರಿ ಸಾಹೇಬರಿಗೆ ನಗು ಬರಲಿಲ್ಲ. ತಾವೂ ಅಳುತ್ತಿದ್ದರು.

ಊಟಕ್ಕೆ ಕೂತಾಗ ಅಣ್ಣ ಪಕ್ಕಕ್ಕೆ ಬಂದು, ಕಬಾಬಿನ ತಟ್ಟೆಯನ್ನು ತಮ್ಮನ ಕೈಗೆಟುಕದಂತೆ ಸರಿಸಿ, ಸೋರೆಕಾಯಿಯನ್ನು ಮುಂದಕ್ಕೆ ನೂಕಿದ. ಬಾಡಿಗೆ ಕ್ಯಾಮೆರಾದವನೊಬ್ಬ ಓಡಾಡುತ್ತಿದ್ದ. ದೀಪಗಳಿಗೆ ಎದುರಾಗಿ ಹಿಡಿದು ತೆಗೆಯುತ್ತಿದ್ದಾನೆ, ಒಂದು ಮುಖವೂ ಕಾಣುವುದಿಲ್ಲ, ಎಲ್ಲ ಕರ್ರಗೆ ಬರುತ್ತದೆ! ಫಿಕ್ರಿ ಸಾಹೇಬರು ತಡೆಯಲಾರದೆ ಕೈ ಎತ್ತಿ, ಬಾಯಿ ತೆರೆದು, ಅರ್ಧ ಎದ್ದರು. ತಮ್ಮನಿಗೆ ಉಸಿರು ಸಿಕ್ಕಿಕೊಂಡಿತೆಂದು ಹಾಜ್ ಮಹ್ರೂಸ್ ಬೆನ್ನಿಗೆ ಗುದ್ದಿ ಕೂರಿಸಿದ. ಇಡೀ ಸಭೆ ಗಾಬರಿಯಾಗಿ ತಿರುಗಿತು. ಕ್ಯಾಮೆರಾದವನೂ ತಿರುಗಿ ಇತ್ತಲೇ ಬಂದ.

ಇನ್ಸಾಫ್ ಬಗ್ಗಿ ಗಂಡನ ಕಂಬಳಿಯನ್ನು ಸರಿಮಾಡುತ್ತ, ತುಟಿ ಅಲ್ಲಾಡಿಸದೆ, "ಕ್ಲೋಸಪ್ ಬರ್ತಿದೆ. ಸ್ವಲ್ಪ ಕಡಿಮೆ ಸಾಯಿರಿ," ಅಂದಳು.

ಸಾಹೇಬರು ಸ್ವಲ್ಪ ಕಡಿಮೆ ಸತ್ತರು. ಸುತ್ತ ಎಲ್ಲರೂ ನಗುತ್ತಿದ್ದರು, ಹೆಂಗಸರು ಸದ್ದಿನ ಸಮೇತ ಕೇಕೆ ಹಾಕುತ್ತಿದ್ದರು. ಮದುವೆ ಕೊನೆಯಲ್ಲಿ ಆಗಿದೆ, ಆದ್ದರಿಂದ ಇದು ನಗುವ ಚಿತ್ರ. ಹೆಂಡತಿಯ ಸೂತ್ರ ಈ ಸಲವೂ ಸುಳ್ಳಾಗಲಿಲ್ಲ. ಅದನ್ನು ಒಮ್ಮೆ ತಮಗೂ ಅನ್ವಯಿಸಿ ನೋಡೋಣವೆಂದು ಸಾಹೇಬರು ಲೆಕ್ಕ ಹಾಕಿದರು. ತಮ್ಮ ಮದುವೆ ಆದದ್ದು ಇಪ್ಪತ್ತೆಂಟು ವರ್ಷದ ಹಿಂದೆ, ಚಿತ್ರದ ಮೊದಲನೇ ಅರ್ಧ ಗಂಟೆಯಲ್ಲಿ. ಈ ಹೊಸ ಶೋಧವನ್ನು ಯಾರಿಗಾದರೂ ಹೇಳೋಣವೆಂದು ಬಾಯಿ ತೆರೆದರೆ, ಅಣ್ಣ ಕಾದಿದ್ದವನಂತೆ ಒಂದು ಚಮಚ ಸೋರೆಕಾಯಿ ಹಾಕಿದ.